ಹಿಡಿಯುವ ಕೆಲಸದವರು

ಅವರು ಯಾರ ಕೈಯನ್ನೂ ಹಿಡಿಯುತ್ತಿರಲಿಲ್ಲ, ಮಣಿಕಟ್ಟನ್ನು ಹಿಡಿಯುತ್ತಿದ್ದರು. ಬೆಳಿಗ್ಗೆ ಶಾಲೆಯ ಗೇಟಿನೆದುರು ಎಲ್‌ಕೆಜಿ ಮಕ್ಕಳನ್ನು ರಸ್ತೆ ದಾಟಿಸುವಾಗಲೂ ಅಷ್ಟೇ. ಮಗು ಕೈ ಚಾಚಿದರೆ ಆ ಪುಟ್ಟ ಅಂಗೈಯನ್ನು ಬಿಟ್ಟು ಮೇಲಕ್ಕೆ, ಬಳೆಯ ಜಾಗಕ್ಕೆ, ಅವರ ಬೆರಳು ಹೋಗುತ್ತಿತ್ತು. "ಬೆಲ್ ಮಾಮ, ನೋಯುತ್ತೆ!" ಎಂದು ಮಕ್ಕಳು ಕುಣಿದರೆ, "ನೋಯ್ಲಿ ಬುಡವ್ವ, ಬೀಳಲ್ವಲ್ಲ" ಅನ್ನುತ್ತಿದ್ದರು. ಒಂದು ಮಳೆಗಾಲದಲ್ಲಿ ನಾನು ಲೈಬ್ರರಿಯ ಮೆಟ್ಟಿಲ ಮೇಲೆ ಜಾರಿದಾಗ ಎಲ್ಲಿಂದಲೋ ಬಂದು ಹಿಡಿದರು. ಬೀಳಲಿಲ್ಲ ನಿಜ, ಆದರೆ ನಾಲ್ಕು ಬೆರಳಿನ ನೀಲಿ ಗುರುತು ಒಂದು ವಾರ ಉಳಿಯಿತು. ಥ್ಯಾಂಕ್ಸ್ ಹೇಳುವುದು ಬಿಟ್ಟು, "ಏನ್ರೀ ಇದು, ಕೈಯೋ ಕಬ್ಬಿಣವೋ!" ಎಂದು ರೇಗಿದ್ದೆ.

"ಅಂಗೈ ಬೆವರ್ತದೆ ಮಿಸ್, ಜಾರ್ತದೆ. ಮಣಿಕಟ್ಟು ಮೋಸ ಮಾಡಲ್ಲ" ಎಂದು ಹೇಳಿ, ಚೆಲ್ಲಿದ ನನ್ನ ಪುಸ್ತಕಗಳನ್ನು ಆರಿಸಿಕೊಟ್ಟು ಹೊರಟುಹೋದರು.

ಅವರು ತೀರಿಕೊಂಡು ಇಪ್ಪತ್ತು ವರ್ಷ ಆಗುತ್ತಾ ಬಂತು. ಮೊನ್ನೆ ಪೇಪರಿನ ಭಾನುವಾರದ ಪುಟದಲ್ಲಿ ಯಾರೋ ಒಂದು ಹಳೆಯ ಸರ್ಕಸ್ ಸಿನಿಮಾದ ಬಗ್ಗೆ ಬರೆದು, ಅದನ್ನು ಮರೆಯಲಾಗದ ಕ್ಲಾಸಿಕ್ ಎಂದು ಕೊಂಡಾಡಿದ್ದರು. ಹೀರೋಯಿನ್ನಿನ ಫೋಟೋ ಕೂಡ ಇತ್ತು, ಮಿಂಚುವ ಉಡುಪಿನಲ್ಲಿ, ಉಯ್ಯಾಲೆಯ ಹಗ್ಗ ಹಿಡಿದು. ಆಕೆ ಒಂದು ದಿನವೂ ಆ ಹಗ್ಗದಲ್ಲಿ ತೂಗಿದವಳಲ್ಲ. ಅದನ್ನು ಓದಿದ ಮೇಲೆ ಬೆಳಗಿನ ಕಾಫಿ ರುಚಿಸಲಿಲ್ಲ. ಬರೆಯಬೇಕು ಅನ್ನಿಸಿತು.

ನಾನು ಇಂಗ್ಲಿಷ್ ಕಲಿಸುತ್ತಿದ್ದ ಕಾನ್ವೆಂಟಿನಲ್ಲಿ ಅವರು ಅಟೆಂಡರ್. ಬೆಲ್ ಹೊಡೆಯುವುದು, ಸರ್ಕ್ಯುಲರ್ ತರುವುದು, ಗೇಟು ಕಾಯುವುದು. ಗಿಡ್ಡ ಮನುಷ್ಯ. ಭುಜ ಮಾತ್ರ ಬಾಗಿಲಿನಷ್ಟು ಅಗಲ. ನಮ್ಮ ಪಿ.ಟಿ. ಟೀಚರ್, ಆರಡಿ ಎತ್ತರದ ಆಸಾಮಿ, ಒಮ್ಮೆ ಅವರೊಡನೆ ತಮಾಷೆಗೆ ಪಂಜ ಕುಸ್ತಿಗೆ ಕೂತು, ಆಮೇಲೆ ಎರಡು ದಿನ ಚಾಕ್‌ಪೀಸ್ ಹಿಡಿಯಲಿಲ್ಲ. "ಸಾರ್‌ದು ಉಪ್ಪಿಟ್ಟು ತಿಂದ ಮೈ, ನಂದು ಗರಡಿ ಮಣ್ಣು ತಿಂದ ಮೈ" ಎಂದು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ನಕ್ಕಿದ್ದರು. ಮೈಸೂರಿನ ಗರಡಿಯಲ್ಲಿ ಸಾಮು ಮಾಡಿ ಬೆಳೆದವರು ಎಂಬುದು ಎಲ್ಲರಿಗೂ ಗೊತ್ತಿತ್ತು. ಗರಡಿಯಿಂದ ಗೇಟಿಗೆ ಬರುವ ಮಧ್ಯೆ ಏನು ಮಾಡಿದರು ಎಂದು ಯಾರೂ ಕೇಳಿರಲಿಲ್ಲ. ಕೆಲಸದವರನ್ನು ನಾವು ಅಷ್ಟೆಲ್ಲ ಎಲ್ಲಿ ಕೇಳುತ್ತೇವೆ?

ಬೆಲ್ಲಿನ ವಿಷಯದಲ್ಲಿ ಮಾತ್ರ ಅವರು ವಿಚಿತ್ರ. ಗಂಟೆಯ ಕೆಳಗೆ ಒಂದು ನಿಮಿಷ ಮುಂಚೆಯೇ ಬಂದು, ಸುತ್ತಿಗೆ ಎತ್ತಿ, ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು. ಮದರ್ ಸುಪೀರಿಯರ್ ಅವರೇ ಒಮ್ಮೆ, ಚಾಪೆಲ್ಲಿನಲ್ಲಿ ಪ್ರೇಯರ್ ಮುಗಿದಿಲ್ಲ, ಎರಡು ನಿಮಿಷ ತಡವಾಗಿ ಹೊಡೆಯಿರಿ ಎಂದು ಹೇಳಿಕಳಿಸಿದರೆ ಇವರು ಒಪ್ಪಲಿಲ್ಲ. "ನಿಮ್ಮ ದೇವ್ರು ಕಾಯ್ತಾನೆ ಮದರ್. ಟೇಮು ಕಾಯಲ್ಲ" ಎಂದರು. ಮದರ್ ಆ ಮಾತನ್ನು ಇಂಗ್ಲಿಷಿಗೆ ಟ್ರಾನ್ಸ್‌ಲೇಟ್ ಮಾಡಿಸಿಕೊಂಡು, ಪುಣ್ಯಕ್ಕೆ ನಕ್ಕುಬಿಟ್ಟರು.

ಇಂಥ ಮನುಷ್ಯ ಒಂದೇ ಒಂದು ದಿನ ಬೆಲ್ ಹೊಡೆಯಲಿಲ್ಲ. ತೊಂಬತ್ತರ ದಶಕದ ನಡುವಿನ ಮಾತು. ನೈನ್ತ್ ಸ್ಟ್ಯಾಂಡರ್ಡಿಗೆ 'ನನ್ನ ಮೆಚ್ಚಿನ ಸಿನಿಮಾ' ಎಂಬ ಪ್ರಬಂಧ ಬರೆಸಬೇಕಿತ್ತು. ಸ್ಯಾಂಪಲ್ಲಿಗೆಂದು ನನ್ನದನ್ನೇ ಹೇಳತೊಡಗಿದೆ. ಪಿಯುಸಿಯಲ್ಲಿದ್ದಾಗ ಹಾಸ್ಟೆಲ್ಲಿನ ಸಿಸ್ಟರ್‌ಗೆ ಡೆಂಟಿಸ್ಟ್ ಹತ್ತಿರ ಹೋಗುತ್ತೇನೆಂದು ಸುಳ್ಳು ಹೇಳಿ ಮ್ಯಾಟಿನಿಗೆ ಓಡಿದ್ದು, ಮೈಸೂರಲ್ಲೇ ತೆಗೆದ ಆ ಸರ್ಕಸ್ ಚಿತ್ರ, ಹೀರೋಯಿನ್ ಉಯ್ಯಾಲೆಯಿಂದ ಹಾರಿ ಹೀರೋನ ಕೈಗೆ ಸಿಗದೆ ಬೀಳುವ ಸೀನು. "ಗರ್ಲ್ಸ್, ಆ ಫಾಲ್! ಇಡೀ ಥಿಯೇಟರ್ ಎದ್ದು ನಿಂತಿತು. ಎಷ್ಟು ರಿಯಲ್ ಆಗಿತ್ತು ಅಂದರೆ ನಾನು ಪಕ್ಕದವಳ ತೊಡೆ ಚಿವುಟಿಬಿಟ್ಟೆ" ಎಂದು ಅಭಿನಯಿಸಿ ತೋರಿಸುತ್ತಿದ್ದೆ. ಹುಡುಗಿಯರು ಒಬ್ಬೊಬ್ಬರಾಗಿ ಗಡಿಯಾರ ನೋಡತೊಡಗಿದಾಗಲೇ ನನಗೂ ಗೊತ್ತಾದದ್ದು: ಪೀರಿಯಡ್ ಮುಗಿದು ಏಳು ನಿಮಿಷವಾಗಿದೆ, ಬೆಲ್ ಆಗಿಲ್ಲ. ತಿರುಗಿ ನೋಡಿದರೆ ಕಿಟಕಿಯಾಚೆ ಅವರು ನಿಂತಿದ್ದರು. ಕೈಯಲ್ಲಿ ಸುತ್ತಿಗೆ.

ಸಂಜೆ ಸ್ಟಾಫ್ ರೂಮಿನಲ್ಲಿ ನಾನೊಬ್ಬಳೇ ಇರುವುದನ್ನು ನೋಡಿಕೊಂಡು ಬಂದರು.

"ಮಿಸ್, ಆ ಪಿಚ್ಚರಲ್ಲಿ ಬೀಳೋದು ಐತಾ?"

"ಇದೆಯಲ್ಲ. ಅದೇ ಕ್ಲೈಮ್ಯಾಕ್ಸ್."

"ಹಿಂದ್ಗಡೆಯಿಂದ ತೋರಿಸ್ತಾರಾ? ಕೆಂಪು ಜಡೆ ದಾರ, ಎಡಗಾಲಲ್ಲಿ ಪಟ್ಟಿ?"

ಬ್ಲ್ಯಾಕ್ ಅಂಡ್ ವೈಟ್ ಚಿತ್ರ, ಕೆಂಪು ಎಲ್ಲಿ ಕಾಣಬೇಕು? ಎಡಗಾಲಿನ ಪಟ್ಟಿ ಮಾತ್ರ ನೆನಪಿತ್ತು. ಹೂಂ ಎಂದೆ.

"ಆ ರೀಲು ಸುಟ್ಟಾಕ್ತೀವಿ ಅಂದಿದ್ರು" ಎಂದರು. ಆಮೇಲೆ, "ನೀವು ಎಷ್ಟ್ ಕಿತ ನೋಡಿದ್ರಿ ಮಿಸ್?"

"ಮೂರು ಸಲ."

"ಅಂಗಾದ್ರೆ ಮೂರ್ ಸಲ ಬಿದ್ಲು."

ಆ ಸಂಜೆ ಅವರು ಹೇಳಿದ್ದನ್ನು ಅವರು ಹೇಳಿದ ಕ್ರಮದಲ್ಲಿ ಹೇಳಲು ನನಗೆ ಬಾರದು, ಏಕೆಂದರೆ ಅದಕ್ಕೆ ಕ್ರಮವೇ ಇರಲಿಲ್ಲ. ಹದಿನೇಳನೇ ವಯಸ್ಸಿನಲ್ಲಿ, ದಸರಾಕ್ಕೆ ಬಂದ ಸರ್ಕಸ್ಸಿನವರು ಗರಡಿಗೆ ಬಂದು ಇವರ ತೋಳು ಮುಟ್ಟಿ ನೋಡಿ ಕರೆದುಕೊಂಡು ಹೋದರು. ಟ್ರಪೀಜ್‌ನಲ್ಲಿ ತಲೆಕೆಳಗಾಗಿ ನೇತಾಡುತ್ತ, ಎದುರಿನಿಂದ ಹಾರಿ ಬಂದವರನ್ನು ಹಿಡಿಯುವ ಕೆಲಸ. ಹಾರಿ ಬರುತ್ತಿದ್ದವಳು ಮಲಯಾಳದ ಕಡೆಯ ಹುಡುಗಿ. ಮದುವೆಯಾದರು. ಮಗು ಹುಟ್ಟಿತು, ದಾವಣಗೆರೆ ಕ್ಯಾಂಪಿನಲ್ಲಿ ಜ್ವರ ಬಂದು ಹೋಯಿತು. "ಸಾಕು, ಇನ್ನು ಮೇಲೆ ಹತ್ತಲ್ಲ" ಅಂದಳಂತೆ ಆಕೆ. ಅಷ್ಟರಲ್ಲಿ ಸಿನಿಮಾದವರು ಬಂದು, ಹೀರೋ ಹೀರೋಯಿನ್ ಬದಲಿಗೆ ನೀವಿಬ್ಬರೂ ಹಾರಿಕೊಡಿ ಎಂದು ಕೇಳಿದರು. ಇವರು ಅವಳನ್ನು ಕೇಳದೆ ಒಪ್ಪಿಕೊಂಡುಬಿಟ್ಟರು. ನಾಲ್ಕು ದಿನ ಅವಳು ಇವರ ಜೊತೆ ಮಾತಾಡಲಿಲ್ಲ. ಐದನೆಯ ದಿನ ಶೂಟಿಂಗ್.

"ಸರ್ಕಸ್ಸಲ್ಲಿ ಒಂದಾಟಕ್ಕೆ ಒಂದ್ ಸಲ ಹಾರೋದು ಮಿಸ್. ಅವತ್ತು ಲೈಟು ಸರಿಯಿಲ್ಲ ಅಂತಾವ, ನೆರಳು ಬಿತ್ತು ಅಂತಾವ ಹದಿಮೂರು ಸಲ ಹಾರ್ಸಿದ್ರು. ಬಲೆ ಕ್ಯಾಮ್ರಾದಲ್ಲಿ ಕಾಣ್ತದೆ ಅಂತ ತಗ್ಗಿಗೆ ಇಳಿಸಿದ್ರು. ಹದಿನಾಕನೇದು." ಅವರು ಕೈಯನ್ನು ಮುಂದೆ ಚಾಚಿ ನೋಡಿಕೊಂಡರು. "ಬಲೆ ಅಂಚಿಗೆ ಬಿದ್ದು ಆಚೆಗೆ ಹಾರ್‌ಕಂಡ್ಲು. ದೊಡ್ಡಾಸ್ಪತ್ರೇಲಿ ಎರಡು ದಿನ ಇದ್ಲು. ಮಾತು ಬರ್ಲಿಲ್ಲ."

ಅದು ನಿಮ್ಮ ತಪ್ಪಲ್ಲ ಎಂಬಂಥದ್ದೇನೋ ಹೇಳಿದೆ.

"ಅದೇ ಗೊತ್ತಿಲ್ವಲ್ಲ ಮಿಸ್. ಹಿಡಿಯೋನು ತಲೆಕೆಳಗೆ ಇದ್ರೂವೆ ಅವನಿಗೇ ಎಲ್ಲಾ ಕಾಣೋದು. ಹಾರೋಳಿಗೆ ಕಾಣಲ್ಲ. ಅವನು 'ಹಪ್' ಅಂತ ಕರೀಬೇಕು, ಅವಳು ಕೋಲು ಬುಡಬೇಕು. ಕರೀದೆ ಬುಡಂಗಿಲ್ಲ, ಕರೆದ್ರೆ ನಿಲ್ಲಂಗಿಲ್ಲ. ಮೊದಲ್ನೇ ದಿನ ಕಲಿಸೋ ಪಾಠ ಅದು. ಅವತ್ತು ನಾನು ಕರೆದ್ನಾ ಇಲ್ವಾ, ನಂಗೆ ನೆನಪೇ ಇಲ್ಲ. ಹದಿಮೂರರ ತನಕ ಕರೆದದ್ದು ಐತೆ ತಲೇಲಿ. ಹದಿನಾಕನೇದು ಖಾಲಿ." ಬಾಗಿಲ ಹತ್ತಿರ ಹೋಗಿ ತಿರುಗಿ ನಿಂತರು. "ಆ ಪಿಚ್ಚರ್ ಎಲ್ಲಾದ್ರೂ ಬಂದ್ರೆ ನಂಗೆ ತೋರಿಸ್ಬುಡಿ ಮಿಸ್. ನನ್ನ ದನಿ ಐತಾ ನೋಡ್ಬೇಕು."

ಎಲ್ಲೂ ಬರಲಿಲ್ಲ. ದೂರದರ್ಶನದ ಭಾನುವಾರದ ಸಂಜೆಗಳಲ್ಲಿ ಕಾದೆವು. ನನ್ನ ಹಳೆಯ ಸ್ಟೂಡೆಂಟ್ ಒಬ್ಬಳ ಗಂಡ ಥಿಯೇಟರಿನ ಮ್ಯಾನೇಜರು, ಅವನನ್ನೂ ಕೇಳಿಸಿದೆ. ಪ್ರಿಂಟು ಎಲ್ಲಿದೆಯೋ ಯಾರಿಗೂ ತಿಳಿಯದು. ಅವರು ರಿಟೈರ್ ಆದರು. ಎರಡು ವರ್ಷಕ್ಕೆ ನಾನೂ ಆದೆ. ಅಗ್ರಹಾರದ ಒಂದು ಸಂದಿಯಲ್ಲಿ, ದೇವಸ್ಥಾನದ ಹಿಂದಿನ ವಠಾರದ ಒಂದು ಕೋಣೆಯಲ್ಲಿ ಅವರ ವಾಸ. ನಾನು ವಿಜಯನಗರದ ಮನೆಗೆ ಬಂದೆ. ಆದರೂ ಅವರು ತಿಂಗಳಿಗೊಮ್ಮೆ ಬಸ್ಸು ಹತ್ತಿ ಬಂದು, ಹೊರಗಿನ ಮೆಟ್ಟಿಲ ಮೇಲೇ ಕೂತು, ಕಾಫಿ ಕುಡಿದು ಹೋಗುತ್ತಿದ್ದರು. ಬಂದಾಗೆಲ್ಲ ಮೊದಲ ಮಾತು ಒಂದೇ: "ಏನಾದ್ರೂ ಸಿಕ್ತಾ ಮಿಸ್?" ಒಂದು ಕಣ್ಣಿನ ಪೊರೆ ತೆಗೆಸಿದ್ದು ಸರಿಹೋಗಲಿಲ್ಲ, ಇನ್ನೊಂದನ್ನು ತೆಗೆಸಲು ಒಪ್ಪಲಿಲ್ಲ. ಬರಬರುತ್ತಾ ಬಸ್ಸಿನ ಬೋರ್ಡನ್ನು ಬೇರೆಯವರಿಂದ ಓದಿಸಿಕೊಂಡು ಬರುವ ಹಾಗಾಯಿತು.

ಕಡೆಗೂ ಅದು ಸಿಕ್ಕಿದ್ದು ಗಡಿಯಾರದ ಕಂಬದ ಹತ್ತಿರದ ಒಂದು ಕ್ಯಾಸೆಟ್ ಅಂಗಡಿಯಲ್ಲಿ. ಎರಡು ವಿಸಿಡಿಯ ಸೆಟ್ಟು, ಕವರಿನ ಮೇಲೆ 'ಎವರ್‌ಗ್ರೀನ್ ಕ್ಲಾಸಿಕ್' ಎಂಬ ಹಳದಿ ಅಕ್ಷರ. ಸುದ್ದಿ ಕಳಿಸಿದ ಮಾರನೆಯ ದಿನವೇ, ಬೆಳಿಗ್ಗೆ ಹತ್ತಕ್ಕೆ, ಇಸ್ತ್ರಿ ಮಾಡಿದ ಬಿಳಿ ಷರ್ಟು ಹಾಕಿಕೊಂಡು ಬಂದರು. ಆವತ್ತು ಮೊದಲ ಸಲ ಒಳಗೆ ಬಂದರು. ಸೋಫಾದಲ್ಲಿ ಕೂರಲು ಒಪ್ಪದೆ ಟಿವಿಯಿಂದ ಎರಡು ಮೊಳ ದೂರದಲ್ಲಿ ನೆಲದ ಮೇಲೆ ಕೂತರು.

ಐ ಮಸ್ಟ್ ಸೇ, ಎಂಥ ನಿರಾಸೆ! ಹದಿನೇಳರಲ್ಲಿ ಮೂರು ಸಲ ನೋಡಿ ಅತ್ತ ಚಿತ್ರ ಇದೇನಾ ಅನ್ನಿಸಿತು. ಹೀರೋನ ಮೀಸೆ ಒಂದು ಕಡೆ ಕಿತ್ತುಬಂದಿದೆ. ಡೇರೆಯ ಒಳಗಿನ ಜನ ಬಟ್ಟೆಯ ಮೇಲೆ ಬರೆದ ಚಿತ್ರ, ಗಾಳಿಗೆ ಇಡೀ ಗ್ಯಾಲರಿಯೇ ಅಲುಗಾಡುತ್ತದೆ. ಸರ್ಕಸ್ಸಿನ ಬದುಕು ಎಂದರೆ ಹಗಲೆಲ್ಲ ಹಾಡು, ಸಂಜೆ ಸ್ವಲ್ಪ ತ್ಯಾಗ. ಬಫೂನ್ ಅಳುತ್ತಾನೆ, ಅಳುತ್ತಲೇ ಇರುತ್ತಾನೆ. ಅವರು ಮಾತ್ರ ಕಿವಿಯಿಂದಲೇ ನೋಡುತ್ತಿದ್ದವರಂತೆ ಕತ್ತು ವಾಲಿಸಿಕೊಂಡು ಕೂತಿದ್ದರು. ಸಿಂಹ ಗರ್ಜಿಸಿದಾಗ ನಕ್ಕರು.

"ಇದು ನಮ್ಮ ಮುದುಕ ಸಿಂಹದ ದನಿಯಲ್ಲ ಮಿಸ್. ಅದಕ್ಕೆ ಹಲ್ಲೇ ಇರ್ಲಿಲ್ಲ, ಆಕಳಿಸೋದು ಅಷ್ಟೇಯಾ. ಯಾರ್ದೋ ಗರ್ಜನೆ ತಂದು ಹಾಕವ್ರೆ."

ಆ ಮಾತು ಕೇಳಿದಾಗಲೇ ನನಗೆ ಭಯವಾಯಿತು. ಹಾಗೆಯೇ ಆಯಿತು. ಎರಡನೆಯ ಡಿಸ್ಕಿನ ಕೊನೆಯಲ್ಲಿ ಆ ಸೀನು ಬಂತು. ಮೊದಲು ಹೀರೋಯಿನ್ನಿನ ಮುಖ, ಗ್ಲಿಸರಿನ್ ಕಣ್ಣೀರು. ಮರುಕ್ಷಣ ದೂರದಿಂದ ತೆಗೆದ ಬೇರೆ ಹೆಣ್ಣಿನ ಬೆನ್ನು, ಎಡಗಾಲಲ್ಲಿ ಪಟ್ಟಿ. ಅವಳು ತೂಗಿ ಬಂದಳು, ಕೋಲು ಬಿಟ್ಟಳು, ಬಿದ್ದಳು. ಅಷ್ಟಕ್ಕೂ ನೂರು ಪಿಟೀಲಿನ ಸಂಗೀತ. ಒಬ್ಬ ಮನುಷ್ಯನ ದನಿಯೂ ಇಲ್ಲ.

"ಬಂತಾ?" ಎಂದರು.

"ಬಂತು."

"ನನ್ನ ದನಿ?"

"ಬರೀ ಮ್ಯೂಸಿಕ್ ಹಾಕಿದ್ದಾರೆ ಕಣ್ರೀ."

ಅವರು ಎರಡೂ ಅಂಗೈಯನ್ನು ನೆಲಕ್ಕೆ ಊರಿದರು. ಎಂಟು ವರ್ಷ ಕಾದದ್ದು ಇದಕ್ಕಾ ಎಂದು ನನಗೇ ಅನ್ನಿಸಿತು. ಬುದ್ಧಿವಂತಳ ಹಾಗೆ ನಾನೇ ಹೇಳಿದೆ: "ಇರಿ, ಇದರಲ್ಲಿ ಚಿತ್ರವನ್ನು ನಿಲ್ಲಿಸಿ ನೋಡಬಹುದು. ನಿಮ್ಮ ಮುಖ ಕಾಣುತ್ತೆ."

ಅವರು ತಟ್ಟನೆ ತಿರುಗಿದರು. "ಬಾಯಿ ನೋಡಿ ಮಿಸ್. ಅವಳು ಕೋಲು ಬುಡೋಕೆ ಒಂದು ಚಣ ಮುಂಚೆ. ತೆಗೆದಿದ್ರೆ ಕರೆದಿದೀನಿ. ಮುಚ್ಚಿದ್ರೆ ಇಲ್ಲ. ನಂಗೆ ಕಾಣಲ್ಲ, ನೀವೇ ನೋಡಿ ಹೇಳ್ಬುಡಿ."

ರಿಮೋಟ್ ಹಿಡಿದು ನಾಲ್ಕೈದು ಸಲ ಹಿಂದೆ ಮುಂದೆ ಮಾಡಿ ನಿಲ್ಲಿಸಿದೆ. ತಲೆಕೆಳಗಾದ ಒಬ್ಬ ಯುವಕ, ಚಾಚಿದ ತೋಳು. ಅವನ ಉಯ್ಯಾಲೆ ಇನ್ನೂ ಮೇಲಕ್ಕೆ ಬಂದೇ ಇಲ್ಲ, ಬಹಳ ದೂರದಲ್ಲಿದೆ. ಅವಳ ಬೆರಳು ಆಗಲೇ ಸಡಿಲವಾಗುತ್ತಿದೆ. ಚಿತ್ರವೆಲ್ಲ ಚೌಕ ಚೌಕವಾಗಿ ಒಡೆದಿತ್ತು, ಆದರೆ ಬಾಯಿಯ ವಿಷಯದಲ್ಲಿ ಅನುಮಾನಕ್ಕೆ ಜಾಗವೇ ಇರಲಿಲ್ಲ. ಬಾಯಿ ತೆರೆದಿತ್ತು. ದೊಡ್ಡದಾಗಿ, ಕಪ್ಪಗೆ, ಕೂಗುವ ಬಾಯಿ. ಹದಿಮೂರು ಸಲ ಹಿಡಿದು ದಣಿದ ಹುಡುಗ, ಹದಿನಾಲ್ಕನೆಯದರಲ್ಲಿ ಕರೆಯಬೇಕಾದ್ದಕ್ಕಿಂತ ಮುಂಚೆ ಕರೆದುಬಿಟ್ಟಿದ್ದ. ನಿಯಮದಂತೆ ಅವಳು ಬಂದಿದ್ದಳು.

ನೆಲದ ಮೇಲೆ ಕೂತಿದ್ದ ಮುದುಕರನ್ನು ನೋಡಿದೆ. ಎಪ್ಪತ್ತು ಹತ್ತಿರವಾದ ಮನುಷ್ಯ. ನನ್ನ ಮುಖದ ದಿಕ್ಕಿಗೆ ಕಣ್ಣು ನೆಟ್ಟಿದ್ದರು. ಸುಳ್ಳು ಮಹಾಪಾಪ ಎಂದು ನನಗೆ ಕಲಿಸಿದ್ದ ಸಿಸ್ಟರ್‌ಗಳೇ, ಕರುಣೆಗೆ ಹೇಳುವ ಸುಳ್ಳಿಗೆ ಕ್ಷಮೆ ಇದೆ ಎಂದೂ ಕಲಿಸಿದ್ದರು. ಒಂದು ಕ್ಷಣವೂ ಯೋಚಿಸಲಿಲ್ಲ.

"ಮುಚ್ಚಿದೆ" ಎಂದೆ.

"ಸರಿಯಾಗಿ ನೋಡಿ ಮಿಸ್."

"ಸರಿಯಾಗೇ ನೋಡಿದೆ. ತುಟಿ ಬಿಗಿಯಾಗಿ ಮುಚ್ಚಿದೆ. ನೀವು ಕರೆದಿಲ್ಲ. ಇಟ್ ವಾಸ್ ನಾಟ್ ಯುವರ್ ಫಾಲ್ಟ್, ತಿಳೀತಾ? ಇಷ್ಟು ವರ್ಷ ಸುಮ್ಮನೆ ಕೊರಗಿದಿರಿ."

ಅಳುತ್ತಾರೆ ಅಂದುಕೊಂಡೆ, ಅಥವಾ ಕೈ ಮುಗಿಯುತ್ತಾರೆ. ಅವರು ಎರಡನ್ನೂ ಮಾಡದೆ, ಗೋಡೆ ತಡವಿಕೊಂಡು ಎದ್ದರು.

"ಅಂಗಾದ್ರೆ ಅವಳೇ ಹೋದ್ಲು" ಎಂದರು.

"ಹೌದು, ಅದನ್ನೇ ನಾನು ಹೇಳಿದ್ದು" ಎಂದೆ, ಪೆದ್ದಿಯ ಹಾಗೆ. ಕಾಫಿ ತರುತ್ತೇನೆ ಇರಿ ಎಂದು ಒಳಗೆ ಹೋದೆ. ಲೋಟ ಹಿಡಿದು ಬರುವಷ್ಟರಲ್ಲಿ ಗೇಟು ತೆರೆದಿತ್ತು. ಒಳ್ಳೆಯದೊಂದು ಮಾಡಿದೆ ಎಂಬ ಸಂತೋಷದಲ್ಲಿ ಅವರ ಪಾಲಿನ ಕಾಫಿಯನ್ನೂ ನಾನೇ ಕುಡಿದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ನಡೆದದ್ದು ಹಾಗೆಯೇ.

ಹತ್ತು ದಿನದ ಮೇಲೆ ಅವರ ವಠಾರದ ಹೆಂಗಸೊಬ್ಬಳು ಫೋನ್ ಮಾಡಿದಳು. "ಬೆಲ್ ಮಾಮ ಊಟ ಬುಟ್ಟವ್ರೆ ಕಣಮ್ಮ. ಕರೆದ್ರೆ ಮಾತಾಡಲ್ಲ. ನಿಮ್ಮನೇಗೆ ಬಂದೋದಾಗಿಂದ ಇಂಗೇ." ಆಟೋ ಹಿಡಿದು ಹೋದೆ. ಮಧ್ಯಾಹ್ನ ಹನ್ನೆರಡರ ಬಿಸಿಲು ಆ ಸಂದಿಗೆ ಇಳಿಯುವುದಿಲ್ಲ. ಕೋಣೆಯಲ್ಲಿ ಚಾಪೆಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದರು. ನನ್ನ ದನಿಗೆ ಎದ್ದು ಕೂತರು, ಮರ್ಯಾದೆಗೆ.

"ಏನ್ರೀ ಇದು? ಮೈ ಹುಷಾರಿಲ್ವಾ? ನಿಮ್ಮ ತಪ್ಪಿಲ್ಲ ಅಂತ ಗೊತ್ತಾದ ಮೇಲೂ..."

"ತಪ್ಪಿದ್ರೆ ಚೆನ್ನಾಗಿತ್ತು ಮಿಸ್."

ನಾನು ಬಾಗಿಲಲ್ಲೇ ನಿಂತೆ.

"ಮೂವತ್ತೆಂಟು ವರ್ಸ ನಾನೇ ಕೊಂದೆ ಅಂದ್ಕಂಡು ಬದುಕಿದ್ದೆ. ಅದು ಭಾರ ಸೈ, ಹೊತ್ಕಂಡು ಅಭ್ಯಾಸ ಆಗಿತ್ತು. ಅವಳು ಬಂದ್ಲು, ನಾನು ಹಿಡೀಲಿಲ್ಲ. ಗಂಡಸಿಗೆ ಅಷ್ಟು ತಡ್ಕೊಳೋಕಾಗ್ತದೆ." ಅವರು ನನ್ನ ಕಡೆ ನೋಡದೆ ಮಾತಾಡುತ್ತಿದ್ದರು. "ಕರೀದೆ ಕೋಲು ಬುಡಂಗಿಲ್ಲ. ಅದು ಅವಳಿಗೂ ಗೊತ್ತು. ಕರೀಲಿಲ್ಲ ಅಂದ್ರೆ ನಾನಿನ್ನೂ ದೂರದಲ್ಲಿದೀನಿ ಅಂತ್ಲೂ ಗೊತ್ತು. ಆದ್ರೂ ಬುಟ್ಲು ಅಂದ್ರೆ? ನನ್ನ ಕೈಗೆ ಬರೋಕೆ ಹಾರಿದ್ದಲ್ಲ ಅವಳು. ಮಗೀನ ಹಿಂದೆ ಹೋದ್ಲು. ನಾಕ್ ದಿನ ಮಾತಾಡ್ದೆ ಇದ್ದದ್ದು ಯಾಕೆ ಅಂತ ಈಗ ಗೊತ್ತಾಯ್ತು. ಆವಾಗ್ಲೇ ತೀರ್ಮಾನ ಮಾಡ್ಬುಟ್ಟಿದ್ಲು."

ಆಗ ನನಗೆ ಅರ್ಥವಾಯಿತು. ಅವರು ಹುಡುಕುತ್ತಿದ್ದದ್ದು ತನ್ನ ತಪ್ಪಿಲ್ಲ ಎಂಬ ಸಾಕ್ಷಿಯನ್ನಲ್ಲ, ತನ್ನದೇ ತಪ್ಪು ಎಂಬ ಸಾಕ್ಷಿಯನ್ನು. ಅವರು ಆ ನಿಯಮವನ್ನು ನನಗೆ ಎಷ್ಟು ಸ್ಪಷ್ಟವಾಗಿ ಹೇಳಿದ್ದರು! ಇಂಗ್ಲಿಷ್ ಪಾಠದಲ್ಲಿ ಸಾಲುಗಳ ನಡುವೆ ಓದಿ ಎಂದು ಮೂವತ್ತು ವರ್ಷ ಮಕ್ಕಳಿಗೆ ಬುದ್ಧಿ ಹೇಳಿದವಳು, ಸಾಲನ್ನೇ ಓದಿರಲಿಲ್ಲ.

ಅವರೆದುರು ನೆಲದ ಮೇಲೆ ಕೂತೆ. ಎಲ್ಲವನ್ನೂ ಹೇಳಿದೆ. ಬಾಯಿ ತೆರೆದಿತ್ತು, ದೊಡ್ಡದಾಗಿ ತೆರೆದಿತ್ತು, ನೀವು ಕರೆದಿರಿ, ಮುಂಚೆ ಕರೆದಿರಿ, ಅವಳು ನಿಮ್ಮ ಕರೆ ಕೇಳಿಯೇ ಬಂದಳು, ನಾನು ಸುಳ್ಳು ಹೇಳಿದೆ, ನಿಮಗೆ ನೋವಾಗಬಾರದೆಂದು ಹೇಳಿದೆ, ಕ್ಷಮಿಸಿ. ಬನ್ನಿ, ಈಗಲೇ ಮನೆಗೆ ಹೋಗೋಣ, ಬೇರೆ ಯಾರನ್ನಾದರೂ ಕರೆಸಿ ನೋಡಿಸೋಣ.

ಅವರು ಕೊನೆಯವರೆಗೂ ಕೇಳಿದರು. ಮುಖದಲ್ಲಿ ಒಂದು ತೆಳು ನಗು ಬಂತು. ಶಾಲೆಯಲ್ಲಿ ಬಿದ್ದು ಮೊಣಕಾಲು ತರಚಿದ ಮಗು "ನಂಗೇನೂ ನೋಯ್ತಿಲ್ಲ" ಅಂದಾಗ ನಗುತ್ತಿದ್ದ ನಗು ಅದು.

"ದೊಡ್ಡ ಮನಸ್ಸು ನಿಮ್ದು ಮಿಸ್" ಎಂದರು. "ಮುದುಕ ಸಾಯ್ತಾನೆ ಅಂತ ಇಷ್ಟು ದೂರ ಬಂದ್ರಿ."

"ನಿಜ ಹೇಳ್ತಿದ್ದೀನಿ ಕಣ್ರೀ! ಗಾಡ್ ಪ್ರಾಮಿಸ್!"

"ಬ್ಯಾಡಿ ಮಿಸ್, ದೇವ್ರ ಹೆಸ್ರು ಎತ್ತಬ್ಯಾಡಿ. ಯಾರನ್ನ ಕರೆಸಿದ್ರೂ ನೀವು ಹೇಳ್ಕೊಟ್ಟಂಗೆ ಹೇಳ್ತಾರೆ, ನಂಗೆ ಗೊತ್ತಾಗಲ್ವಾ?"

ಆಮೇಲೆ ಅವರು ಮೂರು ತಿಂಗಳು ಇದ್ದರು. ನಾನು ವಾರಕ್ಕೆರಡು ಸಲ ಹೋದೆ. ಗಂಜಿ ಕುಡಿಸಿದೆ, ಹಳೆಯ ಸ್ಟೂಡೆಂಟ್ ಡಾಕ್ಟರನ್ನು ಕರೆದುಕೊಂಡು ಹೋದೆ, ಹೋದಾಗೆಲ್ಲ ಅದನ್ನೇ ಹೇಳಿದೆ. ಬೈದು ಹೇಳಿದೆ, ಅತ್ತು ಹೇಳಿದೆ. ಅವರು ಒಮ್ಮೆಯೂ ನನ್ನ ಮೇಲೆ ಸಿಟ್ಟಾಗಲಿಲ್ಲ. ಹೆಂಡತಿಯ ಬಗ್ಗೆ ಒಂದು ಕಹಿ ಮಾತನ್ನೂ ಆಡಲಿಲ್ಲ. ಅವಳ ಮಾತನ್ನೇ ಬಿಟ್ಟುಬಿಟ್ಟರು, ಅಷ್ಟೇ. ಕೊನೆಯ ಸಲ ನಾನು ಹೇಳಿ ಮುಗಿಸಿದಾಗ ಕತ್ತು ವಾಲಿಸಿ ನನ್ನ ಕಡೆ ತಿರುಗಿದರು. ನಂಬಿದರೇನೋ ಎಂದು ಒಂದು ಕ್ಷಣ ನನಗೆ ಉಸಿರು ಬಂತು.

"ಮಿಸ್," ಎಂದರು, "ಇಪ್ಪತ್ತು ವರ್ಸದಿಂದ ನಿಮ್ಮ ದನಿ ಕೇಳ್ತಾ ಇದೀನಿ. ಮುಚ್ಚಿದೆ ಅಂದ ದಿನ ನಿಮ್ಮ ದನಿ ಒಂಚೂರೂ ನಡುಗ್ಲಿಲ್ಲ. ಈಗ ನೋಡಿ, ಎಂಗೆ ನಡುಗ್ತಾ ಐತೆ."